ಶೀರಾಳ ಗಂಟಲಿನ ಮೂಳೆ

ಬದಲಾಪುರದ ತೋಟ
5 ಜನವರಿ 2025

ಪ್ರೀತಿಯ ಅಕ್ಕನಿಗೆ ತಮ್ಮ ವಸಂತಕುಮಾರನ ನಮಸ್ಕಾರ.

ಆಡಿನ ಹಾಲಿನ ಕ್ಯಾನಿನ ಜೊತೆಗೆ ಈ ಕಾಗದವನ್ನೂ ಯಶ್ವಂತ್ ತಲುಪಿಸುತ್ತಾನೆ. ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಠಾಣೆಯವರೆಗೆ ನಿಂತು ಬರುವಾಗ ಅವನು ಕ್ಯಾನಿಗಿಂತ ಕಾಗದವನ್ನೇ ಹೆಚ್ಚು ಜೋಪಾನ ಮಾಡುತ್ತಾನಂತೆ. ನನ್ನ ಮಗ ಅಕ್ಷಿತ್ ನಗುತ್ತಾನೆ: "ಅಪ್ಪ, ಈ ಕಾಲದಲ್ಲಿ ಎಂತ ಕಾಗದ ನಿಮ್ದು? ಒಂದು ಫೋನ್ ಮಾಡಿದ್ರೆ ಆಯ್ತಲ್ಲ!" ಅವನಿಗೇನು ಗೊತ್ತು? ನಿನ್ನ ಹತ್ತಿರ ಫೋನಿನಲ್ಲಿ ಮಾತಾಡುವುದೆಂದರೆ ಯಾರಾದರೂ ಸ್ಪೀಕರ್ ಹಾಕಿ ಕೊಡಬೇಕು. ಆಗ ವರ್ತಕ ನಗರದ ಇಡೀ ಮಹಡಿಗೆ ಕೇಳುತ್ತದೆ, ನಿನಗೊಬ್ಬಳಿಗೆ ಕೇಳುವುದಿಲ್ಲ.

ಶುಭ ಸಮಾಚಾರ. ಮಂದೆ ಕಾಯುವ ನಮ್ಮ ನಾಯಿ ಶೀರಾ ಐದು ಮರಿ ಹಾಕಿದ್ದಾಳೆ. ಡೊಂಬಿವಲಿಯ ಹೋಟೆಲು ಬಿಟ್ಟು ಆರು ವರ್ಷವಾದರೂ ನನಗೆ ಹೆಸರು ಸಿಗುವುದು ತಿಂಡಿಯ ಬೋರ್ಡಿನಲ್ಲೇ ನೋಡು! ಗುಂಡಗೆ ಇರುವ ಮರಿಗೆ ಬೋಂಡಾ ಎಂದು ಹೆಸರಿಟ್ಟಿದ್ದೇನೆ. ಕಣ್ಣು ಬಿಟ್ಟ ದಿನದಿಂದ ಮರಿಗಳು ಆಡಿನ ಹಟ್ಟಿಯಲ್ಲೇ ಇವೆ. ಆಡಿನ ವಾಸನೆಯೇ ಅವಕ್ಕೆ ತಾಯಿಯ ವಾಸನೆ ಆಗಬೇಕು, ಆಗಲೇ ದೊಡ್ಡವಾದ ಮೇಲೆ ಮಂದೆಯನ್ನು ಬಿಟ್ಟು ಹೋಗುವುದಿಲ್ಲ. ಅದಕ್ಕೇ ನಾವು ಯಾರೂ ಎತ್ತಿ ಮುದ್ದಾಡುವುದಿಲ್ಲ.

ಹೋದ ವಾರ ಬೇಲಿಯೊಳಗೆ ಒಂದು ನರಿ ನುಗ್ಗಿತ್ತು. ಹಾಡುಹಗಲು, ಯಾರ ಹೆದರಿಕೆಯೂ ಇಲ್ಲದೆ ನೇರ ಹಟ್ಟಿಗೆ ಬಂತು. ಶೀರಾ ಬಿಡುತ್ತಾಳೆಯೇ! ಅವಳ ಕಿವಿ ಹರಿದಿದೆ, ಆದರೆ ಒಂದು ಆಡಿಗೂ ತೊಂದರೆಯಾಗಿಲ್ಲ. ಮರಿ ಹೊಟ್ಟೆಯಲ್ಲಿದೆ ಎಂದು ಅವಳ ಈ ವರ್ಷದ ಸೂಜಿ ಮುಂದೆ ಹಾಕಿದ್ದೆ. ಮರಿಗಳು ಹಾಲು ಬಿಟ್ಟ ಮೇಲೆ ಎಲ್ಲವಕ್ಕೂ ಒಟ್ಟಿಗೇ ಹಾಕಿಸುತ್ತೇನೆ.

ಒಮ್ಮೆ ಬಾ. ಮೊಮ್ಮಗಳು ಅನುಷ್ಕಾಳನ್ನೂ ಕರೆದುಕೊಂಡು ಬಾ.

ನಿನ್ನ ವಸಂತ

•

ವರ್ತಕ ನಗರ, ಠಾಣೆ
6 ಫೆಬ್ರವರಿ 2025

ಚಿರಂಜೀವಿ ವಸಂತನಿಗೆ ಅಕ್ಕ ಜಯಲತಾಳ ಆಶೀರ್ವಾದ.

ಭಾನುವಾರ ನಿನ್ನ ತೋಟದಿಂದ ಬಂದಾಗಿನಿಂದ ನಮ್ಮಲ್ಲಿ ನಾಯಿಮರಿಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ನಿನ್ನ ಸೋದರಳಿಯ ಲತೀಶ್ ಆಫೀಸಿನಲ್ಲೆಲ್ಲ ಫೋಟೋ ತೋರಿಸಿದ್ದಾನಂತೆ. ಪೂಜಿತಾ ಮಾತ್ರ ಮುಖ ಗಂಟಿಕ್ಕಿದ್ದಾಳೆ. ನನ್ನ ಸೊಸೆಗೆ ಬೀದಿ ನಾಯಿಯೂ ಒಂದೇ, ನಿನ್ನ ತಳಿಯ ನಾಯಿಯೂ ಒಂದೇ. ತಾನು ಬರಲಾಗದ ದಿನ ಮಗುವನ್ನು ಕರೆದುಕೊಂಡು ಹೋದದ್ದೇ ತಪ್ಪು ಎಂದಳು. ಏಳು ವರ್ಷದ ಹುಡುಗಿಗೆ ಫ್ಲಾಟಿನ ಗೋಡೆ ಬಿಟ್ಟು ಬೇರೇನೂ ಗೊತ್ತಿರಬಾರದು ಎಂದರೆ ಹೇಗೆ?

ಅನುಷ್ಕಾ ದಿನಕ್ಕೆ ಹತ್ತು ಸಲ ಕೇಳುತ್ತಾಳೆ, ಶೀರಾಳನ್ನು ಯಾವತ್ತೂ ಕಳಿಸುವುದಿಲ್ಲ ಅಲ್ಲವೇ ಎಂದು. ಹೋದ ವರ್ಷ ನೀನು ಮಿಸಳ್‌ನನ್ನು ಕಲ್ಲು ಕೋರೆಯವರಿಗೆ ಕೊಟ್ಟದ್ದು ಅವಳ ಮನಸ್ಸಿನಿಂದ ಹೋಗಿಲ್ಲ. ಕೆಲಸದವನ ಕಾಲಿಗೆ ಒಂದು ಹಲ್ಲು ತಾಗಿಸಿದ್ದಕ್ಕೆ ಅದಕ್ಕೆ ಜೀವಮಾನವಿಡೀ ಸರಪಳಿ! ಮನುಷ್ಯನನ್ನು ಕಚ್ಚಿದ ನಾಯಿಗೆ ಹಟ್ಟಿಯಲ್ಲಿ ಜಾಗವಿಲ್ಲ ಎಂಬುದು ಕುರಿ ಕಾಯುವ ಧನಗರರಿಂದ ಕಲಿತ ನಿಯಮ ಎನ್ನುತ್ತೀ, ಇರಬಹುದು. ನನಗೆ ಮಾತ್ರ ಅದು ಸರಿ ಕಾಣುವುದಿಲ್ಲ.

ಮತ್ತೆ, ಅನುಷ್ಕಾಳ ಎಡಗೈ ಮಣಿಕಟ್ಟಿಗೆ ಬಳೆ ಒಡೆದು ಸ್ವಲ್ಪ ಗೀರಾಗಿದೆ. ನಾನೇ ಹಾಕಿದ ಹಸಿರು ಗಾಜಿನ ಬಳೆ. ಅರಸಿನ ಹಚ್ಚಿ ಬಟ್ಟೆ ಕಟ್ಟಿದ್ದೇನೆ, ಒಣಗುತ್ತಾ ಬಂದಿದೆ. ಲತೀಶ್ ನಿನಗೆ ಹೇಳಿದರೆ ಗಾಬರಿಯಾಗಬೇಡ, ಬಳೆಯದ್ದೇ ಗೀರು.

ಹಾಲು ಚೆನ್ನಾಗಿತ್ತು.

ಅಕ್ಕ

•

ತೋಟ
14 ಫೆಬ್ರವರಿ 2025

ಅಕ್ಕನಿಗೆ ನಮಸ್ಕಾರ.

ಈ ಸಲ ಹಾಲಿಲ್ಲ. ಮೇವು ಬದಲಾಯಿಸಿದ್ದೇನೆ, ಹಾಲಿಗೆ ವಾಸನೆ ಬರುತ್ತಿದೆ. ಮನೆಯಲ್ಲಿ ಹಳೆಯದು ಉಳಿದಿದ್ದರೆ ಚೆಲ್ಲಿಬಿಡು.

ಒಂದು ಮಾತು ಕೇಳಬೇಕಿತ್ತು. ನೀವು ಬಂದ ಭಾನುವಾರ ಶೀರಾ ಯಾರಿಗಾದರೂ ಹಲ್ಲು ತಾಗಿಸಿದಳೇ? ಪರಚಿದಳೇ? ಯಾರದಾದರೂ ಗಾಯ ನೆಕ್ಕಿದಳೇ? ಅನುಷ್ಕಾಳನ್ನು ಕೂರಿಸಿಕೊಂಡು ಸರಿಯಾಗಿ ಕೇಳು. ಬಳೆಯ ಗೀರು ಬಳೆಯದ್ದೇ ಹೌದೋ ಎಂದೂ ಕೇಳು. ಗಾಬರಿಯಾಗುವಂಥದ್ದು ಏನೂ ಇಲ್ಲ. ನಮ್ಮ ನಿಯಮ ನಿನಗೆ ಗೊತ್ತೇ ಇದೆ. ತಳಿಗೆ ಇಟ್ಟುಕೊಂಡ ನಾಯಿ, ಅದರ ಗುಣ ಬರೆದಿಡಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರವನ್ನು ಇವತ್ತೇ ಯಶ್ವಂತನ ಕೈಯಲ್ಲಿ ಕೊಡು. ಕಾದು ನಿಲ್ಲಲು ಹೇಳಿದ್ದೇನೆ. ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ, ಬಲಗೈ ಬೆರಳುಗಳಿಗೆ ಪಟ್ಟಿ ಸುತ್ತಿದೆ.

ವಸಂತ

•

ವರ್ತಕ ನಗರ
14 ಫೆಬ್ರವರಿ 2025

ವಸಂತ,

ಯಶ್ವಂತನಿಗೆ ಚಹಾ ಕೊಟ್ಟು ಕೂರಿಸಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿ ಸಿಟ್ಟು ಬಂತು. ಐದು ಮರಿಯ ತಾಯಿಯನ್ನು ಹೊರಗೆ ಹಾಕಲು ನೆಪ ಹುಡುಕುತ್ತಿದ್ದೀಯಾ? ಮಂದೆಗೋಸ್ಕರ ಕಿವಿ ಹರಿಸಿಕೊಂಡ ನಾಯಿ ಅದು. ಅದರ ಗುಣ ಇನ್ನೇನು ಬರೆದಿಡುತ್ತೀ?

ಇಲ್ಲ. ಶೀರಾ ಯಾರಿಗೂ ಹಲ್ಲು ತಾಗಿಸಿಲ್ಲ. ಅನುಷ್ಕಾಳನ್ನು ಮೂಸಿಯೂ ನೋಡಿಲ್ಲ. ಗೀರು ಬಳೆಯದ್ದು, ಒಡೆದ ಚೂರುಗಳನ್ನು ನಿನ್ನ ಲತೀಶನೇ ಹೆಕ್ಕಿ ಬಿಸಾಡಿದ್ದಾನೆ, ಬೇಕಾದರೆ ಅವನನ್ನೇ ಕೇಳು. ನಿನ್ನನ್ನು ಎತ್ತಿ ಆಡಿಸಿದ ಅಕ್ಕನ ಮಾತು ಇದು. ಇನ್ನು ಈ ವಿಷಯ ಎತ್ತಬೇಡ.

ಬೆರಳಿಗೆ ಏನಾಯಿತು? ಅದನ್ನು ಬರೆಯಲಿಲ್ಲ.

ಅಕ್ಕ

•

ತೋಟ
21 ಫೆಬ್ರವರಿ 2025

ಪ್ರೀತಿಯ ಅಕ್ಕನಿಗೆ,

ನೀನು 'ಇಲ್ಲ' ಎಂದು ಬರೆದ ಕಾಗದವನ್ನು ಒಂದು ವಾರದಿಂದ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಅದು ಕೈಗೆ ಬಂದ ಮೇಲೆಯೇ ನಾನು ನೆಟ್ಟಗೆ ಒಂದು ತುತ್ತು ಉಂಡದ್ದು. ಈಗ ನಿನಗೆ ಹೇಳಬಹುದು. ಹೇಳದೆ ನನ್ನಿಂದಲೂ ಆಗುತ್ತಿಲ್ಲ.

ಶೀರಾ ಇಲ್ಲ ಅಕ್ಕ. ಹನ್ನೆರಡನೇ ತಾರೀಕು ಸತ್ತಳು.

ಒಂಬತ್ತನೇ ತಾರೀಕಿಗೆ ಶುರುವಾಯಿತು. ಮಂದೆ ಬಿಟ್ಟು ಕದಲದವಳು ಬೇಲಿಯ ಮೂಲೆಗೆ ಹೋಗಿ ಮಣ್ಣು ತಿನ್ನುತ್ತಿದ್ದಳು. ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು, ಸ್ವರ ಬೇರೆಯೇ ಆಗಿತ್ತು. ಅವಳು ಹಟ್ಟಿಗೆ ಕಾಲಿಟ್ಟರೆ ಆಡುಗಳು ಗೋಡೆಗೆ ಒತ್ತಿಕೊಂಡು ನಿಂತವು. ಅವಳ ಹೊಟ್ಟೆಗೆ ಒರಗಿ ಮಲಗುತ್ತಿದ್ದ ಆಡುಗಳು! ಅವಕ್ಕೆ ತಿಳಿದದ್ದು ನನಗೆ ತಿಳಿಯಲಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದುಕೊಂಡೆ. ಅಕ್ಷಿತ್ ತಲೆ ಹಿಡಿದ, ನಾನು ಬಲಗೈಯನ್ನು ಮಣಿಕಟ್ಟಿನವರೆಗೆ ಅವಳ ಬಾಯೊಳಗೆ ಹಾಕಿ ತಡಕಾಡಿದೆ. ಮೂಳೆ ಇರಲಿಲ್ಲ. ಹಲ್ಲು ತಾಗಿ ಎರಡು ಬೆರಳು ಸುಲಿಯಿತು.

ನಮ್ಮಲ್ಲಿ ಆಡು ಮೇಯಿಸುವ ಯಾದಗಿರಿ ಕಡೆಯ ಮರೆಮ್ಮ ನೀರಿನ ಕೊಡ ಹೊತ್ತು ಬಂದವಳು ಅಲ್ಲೇ ನಿಂತಳು. "ಅಣ್ಣಾರ, ಕೈ ತಗೀರಿ! ಎಲುಬು ಸಿಕ್ಕಿಲ್ರೀ ಅದಕ್ಕ. ಹುಚ್ಚು ಹಿಡದೈತಿ," ಎಂದಳು. ಕೊಡ ಅವಳ ಕೈಯಿಂದ ಬಿತ್ತು. ನೀರಿನ ಸದ್ದಿಗೆ ಶೀರಾ ನಡುಗಿದ್ದನ್ನು ನಾನು ಕಣ್ಣಾರೆ ಕಂಡೆ.

ನಿನ್ನೆ ಪರೀಕ್ಷೆಯ ವರದಿ ಬಂತು. ರೇಬೀಸ್. ಆ ನರಿಯಿಂದ ಬಂದದ್ದು. ನಾನು ಮುಂದೆ ಹಾಕಿದ ಆ ಒಂದು ಸೂಜಿ ಹಾಕಿಸಿದ್ದರೆ ಅವಳು ಉಳಿಯುತ್ತಿದ್ದಳು. ನಾನು, ಅಕ್ಷಿತ್, ಮರೆಮ್ಮ ಮೂವರೂ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳುತ್ತಿದ್ದೇವೆ. ಮರಿಗಳನ್ನು ಬೇರೆ ಕಟ್ಟಿದ್ದೇವೆ. ಹಾಲು ನಿಲ್ಲಿಸಿದ್ದೂ ಇದಕ್ಕೇ.

ಡಾಕ್ಟರು ಹೇಳಿದ ಒಂದು ಮಾತು ನನ್ನ ನಿದ್ದೆ ಕೆಡಿಸಿತ್ತು. ರೋಗ ಹೊರಗೆ ಕಾಣುವ ಹತ್ತು ದಿನ ಮೊದಲೇ ವಿಷ ಜೊಲ್ಲಿಗೆ ಬಂದಿರುತ್ತದಂತೆ. ನೀವು ಬಂದದ್ದು ಎರಡನೇ ತಾರೀಕು. ಮನುಷ್ಯನಲ್ಲಿ ಅದು ತಲೆಯೆತ್ತುವ ಮೊದಲು ಸೂಜಿ ಬಿದ್ದರೆ ಬಚಾವು, ತಲೆಯೆತ್ತಿದ ಮೇಲೆ ಲೋಕದಲ್ಲಿ ಮದ್ದಿಲ್ಲ. ಬಾಯಾರಿಕೆಯಾಗುತ್ತದೆ, ಆದರೆ ನೀರು ಕಂಡರೆ ಗಂಟಲು ಬಿಗಿಯುತ್ತದೆ. ಅದಕ್ಕೇ ಅವತ್ತು ಹಾಗೆ ಕೇಳಿದೆ. ನಿಜ ಬರೆದರೆ ನೀನು ಹೆದರುತ್ತೀ, ಪೂಜಿತಾ ಇನ್ನು ಮಗುವನ್ನು ಈ ಕಡೆ ತಲೆ ಹಾಕಲೂ ಬಿಡುವುದಿಲ್ಲ ಎಂದು ನಿಯಮದ ನೆಪ ಹೇಳಿದೆ. ಕ್ಷಮಿಸು.

ಶೀರಾ ಅನುಷ್ಕಾಳನ್ನು ಮೂಸಿಯೂ ನೋಡಿಲ್ಲ ಎಂದು ಬರೆದೆಯಲ್ಲ, ದೇವರು ದೊಡ್ಡವನು.

ವಸಂತ

•

ವರ್ತಕ ನಗರ
22 ಫೆಬ್ರವರಿ 2025

ವಸಂತ

ಕಚ್ಚಿದ್ದಾಳೆ.

ಅನುಷ್ಕಾ ಬೋಂಡಾನನ್ನು ಎತ್ತಿಕೊಂಡಳು, ಅದು ಕುಂಯ್ಗುಟ್ಟಿತು, ಶೀರಾ ಬಂದು ಅವಳ ಮಣಿಕಟ್ಟು ಬಾಯಿಗೆ ಹಾಕಿ ಬಿಟ್ಟಳು. ಎರಡು ಚುಕ್ಕೆ ರಕ್ತ. ಅಷ್ಟೇ. ಲತೀಶ್ ನಿನ್ನ ಜೊತೆ ನೀರಿನ ಟಾಂಕಿ ನೋಡಲು ಹೋಗಿದ್ದ. ಮಗು ನನ್ನ ಸೆರಗು ಹಿಡಿದು, "ಆಜಿ, ಮಮ್ಮೀಲಾ ಸಾಂಗೂ ನಕೋ. ವಸಂತಜ್ಜ ಶೀರಾಲಾ ಮಿಸಳ್‌ಸಾರಖಂ ಪಾಠವತೀಲ," ಎಂದು ಅತ್ತಳು. ಅಮ್ಮನಿಗೆ ಹೇಳಬೇಡ, ಶೀರಾಳನ್ನೂ ಮಿಸಳ್‌ನ ಹಾಗೆ ಕಳಿಸಿಬಿಡುತ್ತಾರೆ ಎಂದು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬಳೆ ತಾನಾಗಿ ಒಡೆಯಲಿಲ್ಲ. ಅವಳ ಕೈಯಿಂದ ತೆಗೆದು ಕಲ್ಲಿಗೆ ಕುಟ್ಟಿ ನಾನೇ ಒಡೆದೆ.

ಇಪ್ಪತ್ತು ದಿನ ಆಯಿತು ವಸಂತ. ಇಪ್ಪತ್ತು ದಿನ.

ಪೂಜಿತಾ ಅಡಿಗೆ ಮನೆಯಲ್ಲಿದ್ದಾಳೆ. ಈಗ ಹೋಗಿ ಹೇಳುತ್ತೇನೆ. ಯಶ್ವಂತ್ ಬಾಗಿಲಲ್ಲಿ ನಿಂತಿದ್ದಾನೆ, ಕಾಗದ ಅವನ ಕೈಗೆ ಕೊಟ್ಟು ಏಳುತ್ತೇನೆ. ಅನುಷ್ಕಾ ಎದುರಿಗೇ ಕೂತು ಬಣ್ಣ ಹಚ್ಚುತ್ತಿದ್ದಾಳೆ, ನೀರಿನ ಲೋಟ ಅವಳ ಪಕ್ಕ ಹಾಗೇ ತುಂಬಿಕೊಂಡಿದೆ

•

ತೋಟ
26 ಫೆಬ್ರವರಿ 2025

ಅಕ್ಕ,

ಯಶ್ವಂತ್ ನಿನ್ನ ಕಾಗದ ತಂದುಕೊಟ್ಟ ಗಳಿಗೆಯಲ್ಲೇ ಹೊರಟೆ. ಬದಲಾಪುರದಿಂದ ಠಾಣೆಗೆ ಅಷ್ಟು ಸ್ಟೇಷನ್ನುಗಳಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ವಿಠ್ಠಲವಾಡಿಯಲ್ಲಿ ಗಾಡಿ ನಿಂತು ಬಿಟ್ಟಾಗ ಇಳಿದು ಹಳಿಯ ಮೇಲೆ ಓಡಿಬಿಡಲೇ ಎನಿಸಿತು.

ಆಸ್ಪತ್ರೆಗೆ ಬಂದಿದ್ದೆ. ಸೂಜಿ ಹಾಕುವ ಕೋಣೆಯ ಹೊರಗೆ ನಿಂತಿದ್ದೆ. ಕಲೆಯ ಸುತ್ತ ಹಾಕಿದ ಸೂಜಿಗೆ ಅನುಷ್ಕಾ ಕಿರುಚಿದ್ದು ನನಗೆ ಕೇಳಿಸಿತು, ನಿನಗೆ ಕೇಳಿಸದಿದ್ದುದೇ ಒಳ್ಳೆಯದಾಯಿತು. ಲತೀಶ್ ಹೊರಗೆ ಬಂದ. "ಮಾವ, ನೀವು ಈಗ ಹೋಗಿ. ಪೂಜಿತಾ ನೋಡಿದ್ರೆ ಸರಿ ಆಗುದಿಲ್ಲ," ಎಂದ. ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ನಾನು ತೋಟಕ್ಕೆ ತಿರುಗಿ ಬಂದೆ.

ನಿನ್ನ ಮೇಲೆ ನನಗೆ ಸಿಟ್ಟಿದೆ ಅಕ್ಕ, ಸುಳ್ಳು ಹೇಳುವುದಿಲ್ಲ. ಒಂದು ಮಾತು ಬರೆದಿದ್ದರೆ ಹದಿನಾಲ್ಕನೇ ತಾರೀಕಿಗೇ ಸೂಜಿ ಬೀಳುತ್ತಿತ್ತು. ಆದರೆ ಸಿಟ್ಟು ಹಿಡಿದು ಕೂತರೆ ಅದು ತಿರುಗಿ ನನ್ನ ಮೇಲೇ ಬರುತ್ತದೆ. ಆ ಪ್ರಶ್ನೆಯನ್ನು ನಾನು ಬೇರೆ ರೀತಿಯಲ್ಲಿ ಕೇಳಿದ್ದರೆ? 'ಶೀರಾ ಹುಚ್ಚು ಹಿಡಿದು ಸತ್ತಳು, ಮಗುವಿಗೆ ಹಲ್ಲು ತಾಗಿದೆಯೇ' ಎಂದು ನಾಲ್ಕು ಶಬ್ದ ಬರೆಯಲು ನನಗೆ ಧೈರ್ಯ ಇರಲಿಲ್ಲ. ನಿಯಮದ ಹೆಸರು ಹೇಳಿ ಕೇಳಿದೆ, ನೀನು ನಿಯಮಕ್ಕೆ ಹೆದರಿ ಉತ್ತರಿಸಿದೆ.

ಅವಳು ನೀರು ಕುಡಿಯುತ್ತಿದ್ದಾಳೆಯೇ? ಅಷ್ಟು ಮಾತ್ರ ಬರೆ.

ವಸಂತ

•

ವರ್ತಕ ನಗರ
9 ಮಾರ್ಚ್ 2025

ವಸಂತ,

ಕುಡಿಯುತ್ತಿದ್ದಾಳೆ. ಇವತ್ತಿನವರೆಗೆ ಕುಡಿಯುತ್ತಿದ್ದಾಳೆ. ನಿನ್ನೆ ನಾಲ್ಕನೆಯ ಸೂಜಿ ಆಯಿತು. ಇನ್ನೊಂದಿದೆ, ಇಪ್ಪತ್ತೆರಡಕ್ಕೆ.

ಹದಿನೈದು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ಯಶ್ವಂತ್ ಮೂರು ಸಲ ಬಂದ, ನಿನ್ನ ಕಾಗದವನ್ನೂ ಬಾಗಿಲಲ್ಲೇ ಲತೀಶನ ಕೈಗೆ ಕೊಟ್ಟು ಹೋದ. ಪೂಜಿತಾ ಅವನನ್ನು ಒಳಗೆ ಬಿಡಲಿಲ್ಲ. ನನ್ನ ಹತ್ತಿರ ಅವಳು ಮಾತು ಬಿಟ್ಟಿದ್ದಾಳೆ. ಅವತ್ತು ನಾನು ಹೇಳಿದಾಗ ಅವಳು ಬೈಯಲಿಲ್ಲ ಕಣೋ. ಗ್ಯಾಸ್ ಆರಿಸಿದಳು, ಮಗುವನ್ನು ಎತ್ತಿಕೊಂಡಳು, ಚಪ್ಪಲಿ ಹಾಕದೆ ಮೆಟ್ಟಿಲು ಇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಾಕ್ಟರಿಗೆ ಲತೀಶ್ ಕೇಳಿದನಂತೆ, ಇನ್ನು ಹೆದರಿಕೆ ಇಲ್ಲವಲ್ಲ ಎಂದು. ತಡವಾಗಿದೆ, ಆದರೂ ಸೂಜಿ ಕೆಲಸ ಮಾಡುತ್ತದೆ ಎಂಬ ಭರವಸೆ ಇದೆ, ಹೆಚ್ಚಿನವರಿಗೆ ಮೂರು ತಿಂಗಳೊಳಗೆ ಗೊತ್ತಾಗುತ್ತದೆ ಎಂದರಂತೆ. ಏನು ಗೊತ್ತಾಗುತ್ತದೆ ಎಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಈಗ ನನಗೆ ಒಂದೇ ಕೆಲಸ. ಅವಳು ಕುಡಿಯುವ ಪ್ರತಿ ಗುಟುಕನ್ನೂ ನೋಡುವುದು. ಕಿವಿ ಕೇಳದವಳು ನಾನು, ಗಂಟಲು ಇಳಿಯುವುದನ್ನು ಕಣ್ಣಿನಲ್ಲೇ ನೋಡುತ್ತೇನೆ. ಗುರುವಾರ ಸಂಜೆ ಶಾಲೆಯಿಂದ ಬಂದವಳಿಗೆ ನೀರು ಕೊಟ್ಟೆ. "ನಕೋ," ಎಂದಳು. ಇನ್ನೊಮ್ಮೆ ಕೊಟ್ಟೆ. ಮುಖ ತಿರುಗಿಸಿ ಲೋಟ ತಳ್ಳಿದಳು, ನೀರು ನೆಲಕ್ಕೆ ಚೆಲ್ಲಿತು. ಪೂಜಿತಾ ಬಾಗಿಲಲ್ಲಿ ನಿಂತಿದ್ದಳು, ಅವಳ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ನಾವಿಬ್ಬರೂ ಮಗುವನ್ನೇ ನೋಡುತ್ತಾ ನಿಂತೆವು, ಒಬ್ಬರನ್ನೊಬ್ಬರು ನೋಡಲಿಲ್ಲ. ಆಮೇಲೆ ಅನುಷ್ಕಾ ತಾನೇ ಎದ್ದು ಫ್ರಿಜ್ಜು ತೆಗೆದು ಕೋಕಂ ಶರಬತ್ತು ಬಗ್ಗಿಸಿಕೊಂಡು ಗಟಗಟ ಕುಡಿದಳು. ಅವಳಿಗೆ ಬೇಕಾಗಿದ್ದದ್ದು ಅದಾಗಿತ್ತು. ಪೂಜಿತಾ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಅವಳು ಅತ್ತದ್ದು ನನಗೆ ಕೇಳಲಿಲ್ಲ, ಗೊತ್ತಾಯಿತು.

ನನಗೆ ಹೆದರಿಕೆ ವಸಂತ. ಈ ವಯಸ್ಸಿನವರೆಗೆ ಇಂಥ ಹೆದರಿಕೆ ನಾನು ಕಂಡವಳಲ್ಲ. ನಿನ್ನ ಕೈ ಹೇಗಿದೆ?

ಅಕ್ಕ

•

ತೋಟ
24 ಮಾರ್ಚ್ 2025

ಪ್ರೀತಿಯ ಅಕ್ಕನಿಗೆ,

ಶನಿವಾರ ಐದನೆಯ ಸೂಜಿಯೂ ಆಯಿತೆಂದು ಲತೀಶ್ ಅಕ್ಷಿತನಿಗೆ ಮೆಸೇಜು ಹಾಕಿದ್ದ. ನಮ್ಮ ಮೂವರದ್ದೂ ಮುಗಿಯಿತು. ಬೆರಳು ಒಣಗಿದೆ. ಆದರೆ ಬೆಳಿಗ್ಗೆ ಹಲ್ಲುಜ್ಜಲು ಬಾಯಿಗೆ ನೀರು ಹಾಕಿಕೊಂಡಾಗ ಒಂದು ಗಳಿಗೆ ನಿಲ್ಲುತ್ತೇನೆ. ನುಂಗಿ ನೋಡುತ್ತೇನೆ. ಇಳಿಯುತ್ತದೆ. ಆಮೇಲೆ ಅನುಷ್ಕಾಳ ನೆನಪಾಗುತ್ತದೆ.

ಐದು ಮರಿಗಳಲ್ಲಿ ಎರಡು ಹೋದವು. ಬೋಂಡಾ ಇದ್ದಾನೆ. ಅವನನ್ನೂ ಉಳಿದ ಎರಡನ್ನೂ ಆರು ತಿಂಗಳು ಬೇರೆಯೇ ಇಟ್ಟು ನೋಡಬೇಕೆಂದಿದ್ದಾರೆ. ಕೋಲಿಗೆ ಬಟ್ಟಲು ಕಟ್ಟಿ ಊಟ ಕೊಡುತ್ತೇವೆ. ಅವು ಆಡಿನ ಕಡೆ ಮೂಗು ಮಾಡಿ ಕೂರುತ್ತವೆ. ತಳಿ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅನುಷ್ಕಾ ಉಳಿದರೆ ಸಾಕು, ತಳಿ ಹಾಳಾಗಿ ಹೋಗಲಿ.

ಕಲ್ಲು ಕೋರೆಗೆ ಹೋಗಿ ಮಿಸಳ್‌ನನ್ನು ವಾಪಸ್ ತಂದಿದ್ದೇನೆ. ಸೂಜಿಯೆಲ್ಲ ಹಾಕಿಸಿಯೇ ತಂದೆ. ಕುತ್ತಿಗೆಯ ರೋಮ ಸರಪಳಿಗೆ ಸವೆದು ಹೋಗಿದೆ. ನನ್ನನ್ನು ಕಂಡು ಬಾಲ ಆಡಿಸಿತು, ನಾಚಿಕೆಯಾಯಿತು.

ಹಟ್ಟಿಯ ಬಾಗಿಲಲ್ಲಿ ಒಂದು ಬೋರ್ಡು ಹಾಕಿದ್ದೇನೆ. ಕನ್ನಡ ನಾನು ಬರೆದೆ, ಮರಾಠಿ ಅಕ್ಷಿತ್ ಬರೆದ: 'ಇಲ್ಲಿ ಯಾವ ನಾಯಿ ಕಚ್ಚಿದರೂ ಕೂಡಲೇ ಹೇಳಿ. ನಾಯಿಯನ್ನು ಎಲ್ಲಿಗೂ ಕಳಿಸುವುದಿಲ್ಲ.' ಓದಲು ಬಾರದ ಮರೆಮ್ಮ ಅಕ್ಷಿತನಿಂದ ಓದಿಸಿಕೊಂಡಳು. "ಇದನ್ನ ಮೊದಲಽ ಬರದಿದ್ರ?" ಎಂದಳು. ಒಳಗೆ ಬಂದು ಈ ಕಾಗದ ಬರೆಯಲು ಕೂತೆ.

ವಸಂತ

•

ವರ್ತಕ ನಗರ
9 ಮೇ 2025

ಚಿರಂಜೀವಿ ವಸಂತನಿಗೆ ಅಕ್ಕನ ಆಶೀರ್ವಾದ.

ಮೂರು ತಿಂಗಳು ದಾಟಿ ಒಂದು ವಾರವಾಯಿತು. ಕ್ಯಾಲೆಂಡರಿನಲ್ಲಿ ನಾನು ಗೀಟು ಹಾಕುತ್ತಿದ್ದೆ. ಪಕ್ಕದಲ್ಲಿ ಪೆನ್ಸಿಲಿನ ಇನ್ನೊಂದು ಸಾಲು ಗೀಟು ಕಂಡಿತು. ಪೂಜಿತಾಳದ್ದು.

ನಿನ್ನೆ ಏನಾಯಿತೆಂದು ಹೇಳುತ್ತೇನೆ. ಶಾಲೆಗೆ ರಜೆ, ಮಕ್ಕಳೆಲ್ಲ ಕೆಳಗೆ ಕಾಂಪೌಂಡಿನಲ್ಲಿ ಆಡುತ್ತಿದ್ದರು. ಅನುಷ್ಕಾ ಏದುಸಿರು ಬಿಡುತ್ತಾ ಮೇಲೆ ಬಂದಳು. ನನ್ನ ಮುಂದೆ ಮೊಣಕೈ ಚಾಚಿ, ತುಟಿ ಬಿಡಿಸಿ ಬಿಡಿಸಿ ಹೇಳಿದಳು: "ಆಜಿ, ಮಾಂಜರ್ ಪರಚಿತು. ಈಗಲೇ. ಮಮ್ಮೀಲಾ ಸಾಂಗ್." ಬೆಕ್ಕಿನ ಗೀರು, ಕೂದಲಿನಷ್ಟು ತೆಳ್ಳಗೆ. ಅಮ್ಮನಿಗೆ ಹೇಳಬೇಡ ಎಂದಿದ್ದ ಹುಡುಗಿ ಹೇಳು ಎಂದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಮೊದಲು ಗೀರನ್ನು ಸಾಬೂನು ಹಚ್ಚಿ ನಲ್ಲಿಯ ಕೆಳಗೆ ತೊಳೆದೆ, ಗಡಿಯಾರ ನೋಡಿ ಪೂರ್ತಿ ಹದಿನೈದು ನಿಮಿಷ. ಆಮೇಲೆ ಫೋನು ತೆಗೆದುಕೊಂಡೆ. ಯಾರೂ ಸ್ಪೀಕರ್ ಹಾಕಿ ಕೊಡದೆ ನಾನಾಗಿ ಫೋನು ಮಾಡಿ ಎಷ್ಟು ವರ್ಷವಾಗಿತ್ತೋ. ಐರೋಳಿಯ ಆಫೀಸಿನಲ್ಲಿ ಪೂಜಿತಾ ಎತ್ತಿದಳೋ, ಇನ್ಯಾರಾದರೂ ಎತ್ತಿದರೋ, ಎತ್ತಲೇ ಇಲ್ಲವೋ, ನನಗೆ ಏನೂ ಕೇಳಲಿಲ್ಲ. ಆದರೂ ಹೇಳಿದೆ. "ಪೂಜಿತಾ, ಅನುಷ್ಕಾಳಿಗೆ ಬೆಕ್ಕು ಪರಚಿದೆ, ಬಲ ಮೊಣಕೈ, ಈಗ ಕಾಲು ಗಂಟೆ ಆಯ್ತು, ತೊಳೆದಿದ್ದೇನೆ, ನೀನು ಬಾ." ಇಷ್ಟನ್ನೇ ಮೂರು ಸಲ ಹೇಳಿದೆ. ಕಿರುಚಿರಬೇಕು, ಎದುರು ಮನೆಯವರು ಬಾಗಿಲು ತೆಗೆದು ನೋಡಿದರು.

ಅರ್ಧ ಗಂಟೆಯಲ್ಲಿ ರಿಕ್ಷಾ ಬಂತು. ಪೂಜಿತಾ ಒಳಗೆ ಬಂದವಳು ಮೊದಲು ಮಗುವಿನ ಕೈ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದಳು. ನನ್ನ ಕೈ ಆಗಲೂ ಫೋನನ್ನು ಬಿಟ್ಟಿರಲಿಲ್ಲ. ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಅಷ್ಟಿಷ್ಟು ಕೇಳುವ ನನ್ನ ಕಿವಿಯ ಕಡೆ ಬಗ್ಗಿ, ಎಪ್ಪತ್ತೈದು ದಿನದ ಮೇಲೆ ಮೊದಲ ಮಾತು ಆಡಿದಳು.

"ಅತ್ತೆ, ಕೇಳಿಸ್ತು ನಂಗೆ."

ಮೂವರೂ ಒಟ್ಟಿಗೆ ಆಸ್ಪತ್ರೆಗೆ ಹೋಗಿ ಬಂದೆವು. ಮೊದಲಿನ ಸೂಜಿಗಳು ಇರುವುದರಿಂದ ಈಗ ಎರಡು ಹಾಕಿದರೆ ಸಾಕಂತೆ, ಒಂದು ನಿನ್ನೆಯೇ ಆಯಿತು. ದಾರಿಯಲ್ಲಿ ಅನುಷ್ಕಾ ನೀರಿನ ಬಾಟಲಿ ಎತ್ತಿದಾಗ ನಾನು ನೋಡಿದೆ. ಪೂಜಿತಾಳೂ ನೋಡಿದಳು. ಆಮೇಲೆ ಬಾಟಲಿಯನ್ನು ನನ್ನ ಕಡೆ ಚಾಚಿದಳು.

ಹೆದರಿಕೆ ಇನ್ನೂ ಹೋಗಿಲ್ಲ. ಹೋಗುತ್ತದೆ ಎಂದೂ ಅನಿಸುವುದಿಲ್ಲ. ಬೋಂಡಾನನ್ನು ಯಾವಾಗ ನೋಡಬಹುದು ಎಂದು ಅನುಷ್ಕಾ ಕೇಳಿದ್ದಕ್ಕೆ ಅವಳಮ್ಮ ಬೇಡ ಎನ್ನಲಿಲ್ಲ.

ಮಂಗಳವಾರ ಯಶ್ವಂತ್ ಬರುವಾಗ ನಿನ್ನ ಬೋರ್ಡಿನ ಮಾತನ್ನು ಇನ್ನೊಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸು. ನಾಯಿ ಎಂದು ಬರೆಯಬೇಡ. ಯಾರು ಕಚ್ಚಿದರೂ, ಯಾರು ಬಿದ್ದರೂ, ಯಾರದೇ ತಪ್ಪಾಗಿದ್ದರೂ ಕೂಡಲೇ ಹೇಳಿ, ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ ಎಂದು ಬರೆ. ಫ್ರಿಜ್ಜಿಗೆ ಅಂಟಿಸಲು ಬೇಕಂತೆ. ಪೂಜಿತಾ ಕೇಳಿದ್ದಾಳೆ.

ಅಕ್ಕ